ಸ್ವೆಟರ್ ಬಿಚ್ಚದೆ ನೋಡಿದ ತೂಕ

ಪೊನ್ನಂಪೇಟೆ ಕಡೆ ಒಂದು ಕಾಫಿ ತೋಟದ ಪಕ್ಕ ನಮ್ಮ ಅಂಗನವಾಡಿ. ಬರುವ ಮಕ್ಕಳಲ್ಲಿ ಹೆಚ್ಚಿನವರು ಲೈನ್ ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳವರು. ಹಣ್ಣು ಕುಯ್ಯುವ ಕಾಲದಲ್ಲಿ ತಾಯಂದಿರು ಮಕ್ಕಳನ್ನು ಬಾಗಿಲಲ್ಲೇ ಬಿಟ್ಟು ಓಡುತ್ತಾರೆ.

ಜನವರಿಯ ತೂಕದ ದಿನ. ಮೂರು ವರ್ಷ ತುಂಬಿದ ಒಂದು ಹುಡುಗಿ 10.7 ಕೆಜಿ ಬಂದಳು. ಹಿಂದಿನ ತಿಂಗಳು 11.1 ಇತ್ತು, ಬೆಳವಣಿಗೆ ಪಟ್ಟಿಯಲ್ಲಿ ಹಸಿರು, ಅಂದರೆ ಸರಿಯಾದ ತೂಕ. ಈಗ ಹಳದಿ, ವಯಸ್ಸಿಗೆ ತೂಕ ಕಡಿಮೆ. ಐದಾರು ತಾಯಂದಿರು ಸುತ್ತ ನಿಂತಿದ್ದಾಗಲೇ ನನ್ನ ಬಾಯಿಂದ ಬಂತು: "ನಾನೂರು ಗ್ರಾಂ ಇಳಿದಿದ್ದಾಳಲ್ಲ ಅಕ್ಕ, ಮನೇಲಿ ಏನೂ ತಿನ್ಸಲ್ವಾ?"

ಆಕೆ ಮಾತಾಡಲಿಲ್ಲ. ಮೂರು ದಿನ ಮಗು ಬರಲಿಲ್ಲ.

ನಾಲ್ಕನೇ ಸಂಜೆ ಲೈನ್ ಮನೆಗೆ ಹೋದೆ. ಒಲೆ ಮುಂದೆ ಕೂತಿದ್ದವಳು ತಿರುಗಿ ನೋಡದೆ ಹೇಳಿದಳು, "ಅವತ್ತಿಂದ ಲೈನಲ್ಲಿ ಎಲ್ಲರೂ ಕೇಳ್ತಾರೆ ಟೀಚರೇ, ಮಗೂಗೆ ಅನ್ನ ಹಾಕಲ್ವಾ ಅಂತ." ತಪ್ಪಾಯ್ತು ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಎದ್ದು ಬರುವಾಗ ಗೂಟಕ್ಕೆ ನೇತುಹಾಕಿದ್ದ ಮಗುವಿನ ದಪ್ಪ ಸ್ವೆಟರ್ ಕಣ್ಣಿಗೆ ಬಿತ್ತು. ಡಿಸೆಂಬರ್‌ನಲ್ಲಿ ಚಳಿ ಅಂತ ಅದನ್ನು ಬಿಚ್ಚಿಸದೆ ತೂಗಿದ್ದೆ. ಟೋಪಿ, ಶೂ ಕೂಡ ಹಾಗೇ ಇದ್ದವು. ಜನವರಿಯಲ್ಲಿ ತೂಗುವಾಗ ಮೂರೂ ಇರಲಿಲ್ಲ. ಮರುದಿನ ಮಗು ಬಂದಾಗ ಮೂರನ್ನೂ ತಕ್ಕಡಿ ಮೇಲಿಟ್ಟೆ: ನಾನೂರಕ್ಕೆ ಹತ್ತು ಗ್ರಾಂ ಕಡಿಮೆ.

ಅಂದರೆ ಮಗು ಇಳಿದೇ ಇರಲಿಲ್ಲ. ಹಾಗಂತ ಸಮಾಧಾನಪಡುವ ಹಾಗೂ ಇಲ್ಲ. ಡಿಸೆಂಬರ್‌ನಲ್ಲೇ ಅವಳು ಹಳದಿ, ನಾನು ಹಸಿರು ಬರೆದು ಒಂದು ತಿಂಗಳು ಸುಮ್ಮನೆ ಕೂತಿದ್ದೆ. ತಾಯಿಯನ್ನು ಅವಮಾನಿಸಿದ್ದಕ್ಕಿಂತ ಇದೇ ನನಗೆ ಹೆಚ್ಚು ಚುಚ್ಚಿದ್ದು. ಎಡ ತೋಳಿಗೆ ಟೇಪ್ ಸುತ್ತಿ ನೋಡಿದೆ, 13 ಸೆಂಟಿಮೀಟರ್. 11.5ಕ್ಕಿಂತ ಕಡಿಮೆಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕಿತ್ತು. ಪುಣ್ಯ, ಅಲ್ಲಿಗೆ ಹೋಗಿರಲಿಲ್ಲ. ಮೇಲ್ವಿಚಾರಕಿಗೆ ಫೋನ್ ಮಾಡಿ ಹಿಂದಿನ ತೂಕ ತಪ್ಪು ಅಂದೆ. ಬೈಸಿಕೊಂಡೆ, ಇರಲಿ.

2021ರಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್ ಬಂದಮೇಲೆ ಅಂಕಿ ಮೊಬೈಲಿಗೆ ಹೋಗುತ್ತೆ. ಆ ಅಂಕಿಯನ್ನು ತಾಯಿಗೆ ಯಾವ ದನಿಯಲ್ಲಿ ಹೇಳಬೇಕು ಅಂತ ಮಾತ್ರ ಮೊಬೈಲ್ ಹೇಳಿಕೊಡಲ್ಲ. ಈಗ ತಕ್ಕಡಿಯನ್ನು ಅಡುಗೆ ಕೋಣೆ ಕಡೆ ಇಟ್ಟಿದ್ದೇನೆ, ಒಲೆಯ ಬಿಸಿಗೆ ಮಕ್ಕಳು ಸ್ವೆಟರ್ ಬಿಚ್ಚಲು ರಗಳೆ ಮಾಡುವುದಿಲ್ಲ. ಒಂದು ಸಲಕ್ಕೆ ಒಬ್ಬ ತಾಯಿ. ತೂಕ ಹೇಳುವ ಮೊದಲು ಬೆಳಿಗ್ಗೆ ಮಗು ಏನು ತಿಂದಿತು ಅಂತ ಕೇಳುತ್ತೇನೆ. ಈ ಹುಡುಗಿ ತಿನ್ನುತ್ತಿದ್ದದ್ದು ಕಪ್ಪು ಕಾಫಿಯಲ್ಲಿ ಅದ್ದಿದ ಬನ್. ಏಳೂವರೆಗೆ ತೋಟದಲ್ಲಿರಬೇಕಾದ ತಾಯಿ ಇನ್ನೇನು ಮಾಡಿಯಾಳು! ಮೊಟ್ಟೆ ರಾತ್ರಿಯೇ ಬೇಯಿಸಿಡಬಹುದು ಅಂತ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಮಾರ್ಚ್‌ನಲ್ಲಿ ಆ ಮನೆಯವರು ಸುಂಟಿಕೊಪ್ಪ ಕಡೆಯ ತೋಟಕ್ಕೆ ಹೊರಟರು. ಹೋಗುವ ಮುಂಚೆ ತಾಯಿ ಕಾರ್ಡ್ ತಂದು ಮುಂದೆ ಹಿಡಿದಳು. ಕೊನೆಯ ತೂಕ ಬರೆದೆ. "ಸ್ವೆಟರ್ ಇಲ್ಲದೆ ಅಂತಾನೂ ಬರೀರಿ ಟೀಚರೇ" ಅಂದಳು.

ಅದನ್ನೂ ಬರೆದುಕೊಟ್ಟೆ.