ತೊಟ್ಟಿಮನೆ ರಿಪೇರಿ: ಬಣ್ಣಕ್ಕಿಂತ ಮೊದಲು ನೀರಿನ ದಾರಿ

ಹಳೇ ತೊಟ್ಟಿಮನೆ ಪಾಲಿಗೆ ಬಂದವರು, ಕೊಂಡವರು, ಅದನ್ನೇ ಹೋಂಸ್ಟೇ ಮಾಡಹೊರಟವರು ಮೊದಲು ಕೇಳುವುದು ಕಂಬಕ್ಕೆ ಯಾವ ಪಾಲಿಶ್, ಗೋಡೆಗೆ ಯಾವ ಬಣ್ಣ ಅಂತ. ಆ ಪ್ರಶ್ನೆಗೆ ಉತ್ತರ ಕೊನೆಯ ತಿಂಗಳಲ್ಲಿ ಹುಡುಕಿದರೆ ಸಾಕು. ಮಣ್ಣಿನ ಗೋಡೆ, ಮರದ ತೊಲೆ, ಹೆಂಚಿನ ಮಾಡು ಮೂರೂ ತಲೆಮಾರುಗಟ್ಟಲೆ ಬಾಳುತ್ತವೆ, ನೀರು ಬಂದ ದಾರಿಯಲ್ಲೇ ಹೊರಗೆ ಹೋಗುತ್ತಿದ್ದರೆ. ಎಲ್ಲೋ ಒಂದು ಕಡೆ ನಿಂತಿತೋ, ನಾಲ್ಕೇ ಮಳೆಗಾಲದಲ್ಲಿ ಗೋಡೆ ಬುಡ ಕರಗುತ್ತದೆ.

ಹಾಗಾಗಿ ಸಾಧ್ಯವಾದರೆ ಜೋರು ಮಳೆ ಬರುವ ದಿನವೇ ಮನೆ ನೋಡಲು ಹೋಗಿ. ಗೋಡೆಯ ಬುಡದಿಂದ ಎರಡು ಮೂರು ಅಡಿಯವರೆಗೆ ಪಟ್ಟಿಯಂತೆ ತೇವ ಹತ್ತಿ, ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ನೀರು ನೆಲದಿಂದ ಏರುತ್ತಿದೆ. ಮೇಲಿನಿಂದ ಕಂದು ಗೆರೆ ಇಳಿದಿದ್ದರೆ ತಪ್ಪು ಮಾಡಿನದ್ದು. ನಡುಗೋಡೆಯಲ್ಲಿ ಮಾತ್ರ ಒದ್ದೆಯಿದ್ದರೆ ಆಮೇಲೆ ಯಾರೋ ಒಳಗೆ ಹುದುಗಿಸಿದ ಪೈಪು ಸೋರುತ್ತಿರಬೇಕು. ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲಕ್ಕೂ ಒಂದೇ ವಾಟರ್‌ಪ್ರೂಫ್ ಬಣ್ಣ ಬಳಿದರೆ ತೇವ ಒಳಗೇ ಉಳಿಯುತ್ತದೆ.

ನೆಲದಿಂದ ಏರುವ ತೇವಕ್ಕೆ ಬಹಳ ಸಲ ಕಾರಣ ಮನೆಯಲ್ಲ, ಬೀದಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಹಿತ್ತಿಲಲ್ಲಿ ಮಣ್ಣು ಸೇರಿಸಿ ಸೇರಿಸಿ, ಹೊರಗಿನ ನೆಲ ಒಳಗಿನ ಮಟ್ಟಕ್ಕೇ ಬಂದುಬಿಟ್ಟಿರುತ್ತದೆ. ಗೋಡೆಗೆ ಒತ್ತಿಕೊಂಡಿರುವ ಆ ಮಣ್ಣನ್ನು ತೆಗೆಸಿ, ಹೊರನೆಲ ಒಳನೆಲಕ್ಕಿಂತ ಕನಿಷ್ಠ 6ರಿಂದ 9 ಇಂಚು ಕೆಳಗಿರುವಂತೆ ಮಾಡಿ. ಗೋಡೆಯಿಂದ ಆಚೆಗೆ ಮೂರು ಅಡಿಯವರೆಗೆ ಇಳಿಜಾರು ಕೊಡಿ. ಪಾಯದ ಕಲ್ಲಿನ ತಳ ಕಾಣುವಷ್ಟು ಅಗೆಯಬೇಡಿ. ಇಡೀ ಗೋಡೆಯನ್ನು ಒಂದೇ ದಿನ ಬಿಡಿಸದೆ ನಾಲ್ಕೈದು ಅಡಿಯ ತುಂಡುಗಳಲ್ಲಿ ಮುಂದುವರಿಯಿರಿ. ಗೋಡೆಗೆ ಅಂಟಿಸಿ ಕಾಂಕ್ರೀಟ್ ಪಟ್ಟಿ ಹಾಕುವ ಆಸೆಯನ್ನೂ ಬಿಡಿ: ಅದರಡಿ ಸಿಕ್ಕಿಬಿದ್ದ ತೇವಕ್ಕೆ ಗೋಡೆಯೊಂದೇ ದಾರಿ. ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ತುಂಬಿ, ಅದರಾಚೆ ಚರಂಡಿ ಮಾಡಿದರೆ ಮಣ್ಣಿಗೆ ಉಸಿರಾಡಲು ಜಾಗ ಸಿಗುತ್ತದೆ.

ಇನ್ನು ತೊಟ್ಟಿ, ಅಂದರೆ ಮನೆ ನಡುವಿನ ತೆರೆದ ಅಂಗಳ. ಲೆಕ್ಕ ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ತೊಟ್ಟಿ 12 ಅಡಿ ಚೌಕ, ಸುತ್ತ ಒಳಮುಖದ ಮಾಡು ನಾಲ್ಕೂ ಕಡೆ 10 ಅಡಿ ಅಂತಿಟ್ಟುಕೊಳ್ಳಿ. ನೀರು ಕೂಡುವ ಜಾಗ 32 ಅಡಿ ಚೌಕ, ಅಂದರೆ ಸುಮಾರು 95 ಚದರ ಮೀಟರ್. ಗಂಟೆಗೆ 50 ಮಿ.ಮೀ. ಸುರಿದರೆ ಆ ಒಂದು ಗಂಟೆಯಲ್ಲಿ 4,750 ಲೀಟರ್ ನೀರು ತೊಟ್ಟಿಗೆ ಬೀಳುತ್ತದೆ, ನಿಮಿಷಕ್ಕೆ 80 ಲೀಟರ್‌ನಷ್ಟು. ಸರಿಯಾದ ಇಳಿಜಾರಿದ್ದರೆ 4 ಇಂಚಿನ ಒಂದೇ ಪೈಪು ಇದನ್ನು ಎಳೆಯಬಲ್ಲದು. ಆದರೆ ಎಲೆ, ಕಡ್ಡಿ, ಹೆಂಚಿನ ಚೂರು ಬಂದು ಬಾಯಿ ಕಟ್ಟುವುದೂ ಜೋರು ಮಳೆಯಲ್ಲೇ. ಅದಕ್ಕೇ ಎದುರು ಬದುರು ಮೂಲೆಗಳಲ್ಲಿ ಎರಡು ಕಿಂಡಿ ಇರಲಿ, ಎರಡಕ್ಕೂ ಪೈಪು ಬೇರೆ ಬೇರೆ. ಎರಡನೆಯದರ ಬಾಯಿ ಒಂದು ಇಂಚು ಎತ್ತರದಲ್ಲಿರಲಿ. ಅದರಲ್ಲಿ ನೀರು ಹರಿಯತೊಡಗಿತೆಂದರೆ ಮೊದಲನೆಯದು ಕಟ್ಟಿದೆ ಎಂದೇ ಅರ್ಥ. ತೊಟ್ಟಿಯ ನೆಲಕ್ಕೆ 100 ಅಡಿಗೆ 1 ಅಡಿ ಇಳಿಜಾರು ಕೊಟ್ಟರೆ ಸಾಕು. ಹೊರಗೆ ಒಂದೂವರೆ ಅಡಿ ಆಳದ ಹೂಳುಗುಂಡಿ ಮಾಡಿ, ಅಲ್ಲಿಂದ ಬಾವಿಗೋ ಇಂಗುಗುಂಡಿಗೋ ಬಿಡಿ.

ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಶೀಟು ಮುಚ್ಚಿಸುವುದು ಈಗ ಸಾಮಾನ್ಯವಾಗಿದೆ. ನನ್ನ ಮಟ್ಟಿಗೆ ಮನೆಯ ಜೀವಾಳವನ್ನೇ ಮುಚ್ಚಿದ ಹಾಗೆ. ಬಿಸಿಗಾಳಿ ಮೇಲೆ ಹೋಗುವುದು ಆ ಬಾಯಿಯಿಂದಲೇ; ಅದನ್ನು ಮುಚ್ಚಿದ ಬೇಸಿಗೆಯಲ್ಲಿ ಪಡಸಾಲೆಯಲ್ಲಿ ಕೂರಲಾಗುವುದಿಲ್ಲ, ಮಳೆಗಾಲದಲ್ಲಿ ಬೂಷ್ಟಿನ ವಾಸನೆ. ಕೋತಿ ಕಾಟಕ್ಕೆ ಕಬ್ಬಿಣದ ಜಾಲರಿ ಸಾಕು. ಮಳೆ ಬೇಡವೇ ಬೇಡ ಎನ್ನುವವರು ಶೀಟನ್ನು ಮಾಡಿನ ಮಟ್ಟಕ್ಕಿಂತ ಎರಡು ಅಡಿ ಎತ್ತರಿಸಿ, ನಾಲ್ಕೂ ಬದಿ ತೆರೆದೇ ಬಿಡಲಿ.

ಮಾಡಿನ ಕೆಲಸ ಗೋಡೆಯ ಕೆಲಸಕ್ಕಿಂತ ಮೊದಲು ಮುಗಿಯಬೇಕು. ಮಂಗಳೂರು ಹೆಂಚು ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಉದ್ಯಮ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಅದಕ್ಕೆ ಒದಗಿತು. ಆಮೇಲೆ ಬೇರೆ ಕಾರ್ಖಾನೆಗಳೂ ಹುಟ್ಟಿದವು, ಪ್ರತಿಯೊಂದೂ ತನ್ನ ಹೆಸರನ್ನು ಹೆಂಚಿನ ಮೇಲೆ ಅಚ್ಚೊತ್ತಿತು. ಆ ಅಚ್ಚು ಈಗ ನಿಮ್ಮ ಕೆಲಸಕ್ಕೆ ಬರುತ್ತದೆ. ಒಂದು ಕಾರ್ಖಾನೆಯ ಹೆಂಚಿನ ಗಾಡಿ, ಅಂದರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚಿನ ತೋಡು, ಇನ್ನೊಂದರ ಗಾಡಿಗೆ ಸರಿಯಾಗಿ ಕೂರುವುದಿಲ್ಲ. ಇಳಿಸುವಾಗಲೇ ಹೆಸರು ನೋಡಿ ಬೇರೆ ಬೇರೆ ಪೇರಿಸಿ, ಒಂದು ಇಳಿಜಾರಿಗೆ ಒಂದೇ ಹೆಸರಿನವು ಹೋಗಲಿ. ಪ್ರತಿ ಹೆಂಚನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿ: ಗಂಟೆಯಂತೆ ಠಣ್ ಎಂದರೆ ಗಟ್ಟಿ, ಮಂದವಾಗಿ ಟಕ್ ಎಂದರೆ ಕಣ್ಣಿಗೆ ಕಾಣದ ಸೀಳಿದೆ. ಹೆಂಚು ಇಳಿಸುವಾಗ ಎರಡೂ ಇಳಿಜಾರಿನಿಂದ ಸಮಸಮನಾಗಿ ಇಳಿಸಿ. ಒಂದೇ ಬದಿ ಖಾಲಿಯಾದರೆ ಹಳೇ ಮರ ಭಾರ ತಪ್ಪಿ ಇನ್ನೊಂದು ಕಡೆಗೆ ವಾಲುತ್ತದೆ.

ಹೆಂಚು ಕೂರುವ ಅಡ್ಡಪಟ್ಟಿಗಳ, ಅಂದರೆ ರೀಪರ್‌ಗಳ, ಅಂತರವನ್ನು ಬಾಯಿಮಾತಿನಲ್ಲಿ ಹೇಳಬೇಡಿ. ಹನ್ನೊಂದು ಹೆಂಚನ್ನು ಗಾಡಿಗೆ ಗಾಡಿ ಕೂರಿಸಿ ನೆಲದ ಮೇಲೆ ಉದ್ದಕ್ಕೆ ಜೋಡಿಸಿ. ಎಷ್ಟು ಎಳೆಯಬಹುದೋ ಎಳೆದು ಮೊದಲ ಹೆಂಚಿನ ತುದಿಯಿಂದ ಹನ್ನೊಂದನೆಯದರ ಅದೇ ತುದಿಗೆ ಅಳೆಯಿರಿ, ಪೂರ್ತಿ ಒತ್ತಿ ಇನ್ನೊಮ್ಮೆ ಅಳೆಯಿರಿ. ಎರಡರ ಸರಾಸರಿಯನ್ನು ಹತ್ತರಿಂದ ಭಾಗಿಸಿದರೆ ನಿಮ್ಮ ಹೆಂಚಿನ ನಿಜವಾದ ಅಂತರ ಸಿಗುತ್ತದೆ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ. ಅರ್ಧ ಇಂಚು ಹೆಚ್ಚು ಕೊಟ್ಟರೂ ಗಾಡಿ ಬಿಟ್ಟುಕೊಂಡು ಗಾಳಿಮಳೆಗೆ ನೀರು ಒಳಗೆ ಹೊಡೆಯುತ್ತದೆ. ಮಲೆನಾಡಿನ ಮಳೆಗೆ ಮಾಡಿನ ಇಳಿಜಾರು 30 ಡಿಗ್ರಿಗಿಂತ ಕಡಿಮೆ ಬೇಡ. ಸೂರಿನ ಸಾಲನ್ನು ತಂತಿಯಿಂದ ಕಟ್ಟಿ. ಮೂಲೆ ಹೆಂಚಿಗೆ ಗಟ್ಟಿ ಸಿಮೆಂಟ್ ಬೇಡ, ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆ ಹಾಕಿ. ಮರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಸಿಮೆಂಟ್ ಅದರ ಜತೆ ಬಾಗದೆ ಬಿರಿಯುತ್ತದೆ. ಕಂಬದ ಬುಡ ಕೊಳೆತಿದ್ದರೆ ಇಡೀ ಕಂಬ ಬದಲಿಸಬೇಕಿಲ್ಲ. ಮಾಡಿಗೆ ಜಾಕಿ ಕೊಟ್ಟು, ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಒಣಗಿದ ಅದೇ ಜಾತಿಯ ಮರವನ್ನು ಓರೆ ಗಾಡಿಯಲ್ಲಿ ಕೂಡಿಸುವುದು ಒಳ್ಳೆಯ ಬಡಗಿಗೆ ಗೊತ್ತಿರುವ ಕೆಲಸ.

ಗೋಡೆಗೆ ಬರೋಣ. ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ, ಅದೂ ಒಳ್ಳೆಯದಾಗಲಿ ಎಂದು ಮಾಡಿದ್ದರಿಂದ. ಮಣ್ಣಿನ ಗೋಡೆ ಸದಾ ಸ್ವಲ್ಪ ತೇವ ಕುಡಿಯುತ್ತದೆ, ಗಾಳಿಗೆ ಬಿಡುತ್ತದೆ. ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಹೊದಿಸಿದರೆ ಬಿಡುವ ದಾರಿ ಮುಚ್ಚಿ, ತೇವ ಇನ್ನೂ ಮೇಲಕ್ಕೆ ಏರುತ್ತದೆ. ಹಿಂದಿನ ಮಣ್ಣು ಮೆತ್ತಗಾಗಿ, ಪ್ಲಾಸ್ಟರ್ ಒಂದು ದಿನ ಹಲಗೆಯಂತೆ ಕಳಚಿ ಬೀಳುತ್ತದೆ. ಬಡಿದರೆ ಡಬ್ ಡಬ್ ಎನ್ನುವ ಕಡೆಯೆಲ್ಲ ಅದು ಈಗಾಗಲೇ ಬಿಟ್ಟಿದೆ. ತೆಗೆಸುವಾಗ ಬ್ರೇಕರ್ ಯಂತ್ರ ತರಬೇಡಿ, ಅದರ ಅದುರಿಗೆ ಗೋಡೆಯೇ ಸೀಳುತ್ತದೆ. ಗ್ರೈಂಡರಿನಿಂದ ಪ್ಲಾಸ್ಟರಿನ ದಪ್ಪದಷ್ಟೇ ಆಳಕ್ಕೆ ಒಂದಡಿ ಚೌಕಗಳನ್ನು ಕೊಯ್ದು, ಉಳಿಯಿಂದ ಎಬ್ಬಿಸಿ. ಆಮೇಲೆ ಗೋಡೆಯನ್ನು ಒಂದೆರಡು ತಿಂಗಳು ಒಣಗಲು ಬಿಡಿ, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಗುಳಿಗಳಿಗೆ ಅದೇ ಮನೆಯ ಮಣ್ಣನ್ನೇ ಹುಲ್ಲು ಸೇರಿಸಿ, ಒಂದು ವಾರ ಕೊಳೆಹಾಕಿ, ತುಳಿದು ತುಂಬಿ.

ಅದರ ಮೇಲೆ ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ರಾಶಿಗೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲುವಂತೆ ಗುಂಡಿಯಲ್ಲಿ ಕನಿಷ್ಠ ಮೂರು ವಾರ ಇಡಿ, ಮೂರು ತಿಂಗಳಿಟ್ಟರೆ ಬೆಣ್ಣೆಯಂತಾಗುತ್ತದೆ. ಅರಳದ ಹರಳು ಉಳಿದರೆ ಗೋಡೆಯಲ್ಲಿ ತಿಂಗಳುಗಳ ನಂತರ ಅರಳಿ, ಸಣ್ಣ ಸಣ್ಣ ಗುಳಿ ಎದ್ದು ಸಿಡಿಯುತ್ತದೆ. ಗಾರೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಚೂಪು ಮರಳು, ಅಂದರೆ ಕೈಗೆ ಒರಟಾಗಿ ಚುಚ್ಚುವ ಮರಳು. ತೇವ ಹತ್ತುವ ಬುಡದ ಭಾಗಕ್ಕೆ ಒಂದು ಪಾಲು ಮರಳಿನ ಬದಲು ಸುರ್ಕಿ ಹಾಕಿ. ಮೊದಲ ಪದರ 10ರಿಂದ 12 ಮಿ.ಮೀ., ಎರಡನೆಯದು 6ರಿಂದ 8, ಮೇಲಿನ ನಯ ಪದರ 2ರಿಂದ 3. ಪದರಕ್ಕೂ ಪದರಕ್ಕೂ ನಡುವೆ ಏಳರಿಂದ ಹತ್ತು ದಿನ ಬಿಡಬೇಕು. ಆ ದಿನಗಳಲ್ಲಿ ಗೋಣಿ ಇಳಿಬಿಟ್ಟು, ದಿನಕ್ಕೆರಡು ಮೂರು ಸಲ ನೀರು ಚಿಮುಕಿಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ, ಅದಕ್ಕೆ ಸ್ವಲ್ಪ ತೇವ ಬೇಕು. ಬಿಸಿಲಿಗೆ ಒಂದೇ ದಿನದಲ್ಲಿ ಒಣಗಿದರೆ ಅದು ಗಟ್ಟಿಯಾಗಿಲ್ಲ, ಬರೀ ಒಣಗಿದೆ. ಉಗುರಿಗೆ ಸೀಮೆಸುಣ್ಣದಂತೆ ಉದುರುತ್ತದೆ. ಬೇಗ ಆಗಲಿ ಎಂದು ಮೇಸ್ತ್ರಿ ಎರಡು ಕರಣೆ ಸಿಮೆಂಟ್ ಬೆರೆಸಿದರೆ ಪಟ್ಟ ಶ್ರಮವೆಲ್ಲ ಹೋಯಿತು. ಕೊನೆಗೆ ಹಾಲಿನಷ್ಟು ತೆಳ್ಳಗಿನ ಸುಣ್ಣ, ನಾಲ್ಕೈದು ಕೈ. ಎಮಲ್ಷನ್ ಬೇಡ.

ಬಚ್ಚಲು, ಶೌಚಾಲಯಕ್ಕೆ ಮಣ್ಣಿನ ಗೋಡೆಯನ್ನು ಬಳಸದೆ ಅದರಿಂದ ಮೂರು ಇಂಚು ಬಿಟ್ಟು ಬೇರೆಯೇ ಇಟ್ಟಿಗೆ ಗೋಡೆ ಎಬ್ಬಿಸಿ. ವೈರಿಂಗ್ ಗೋಡೆಯ ಮೇಲೆಯೇ ಪೈಪಿನಲ್ಲಿ ಓಡಲಿ.

ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್, ಎಲ್ಲರಿಗೂ ಬೇಕು. ಇಲ್ಲೂ ನೀರಿನ ಮಾತೇ ಮೊದಲು. ಸಿಮೆಂಟಿನ ನೆಲ ತೇವವನ್ನು ಮೇಲೆ ಬಿಡದೆ ಗೋಡೆಗಳ ಕಡೆ ತಳ್ಳುತ್ತದೆ. ಅದಕ್ಕೇ ನೆಲದಡಿ ದಮ್ಮಸ್ಸು ಮಾಡಿದ ಮೇಲೆ ಪುಡಿಯಿಲ್ಲದ ಒರಟು ಜಲ್ಲಿ 5ರಿಂದ 6 ಇಂಚು ಹಾಸಬೇಕು. ಕಲ್ಲುಗಳ ನಡುವಿನ ಖಾಲಿ ಜಾಗ ದಾಟಿ ನೀರು ಏರಲಾರದು. ಅದರ ಮೇಲೆ 4 ಇಂಚು ಕಾಂಕ್ರೀಟ್, ಆಮೇಲೆ ಒಂದಕ್ಕೆ ಮೂರರ ಸಿಮೆಂಟ್ ಮರಳು ಒಂದು ಇಂಚು. ಈ ಪದರ ಪೂರ್ತಿ ಗಟ್ಟಿಯಾಗುವ ಮೊದಲೇ, ಹೆಬ್ಬೆರಳು ಒತ್ತಿದರೆ ಗುರುತು ಬಿದ್ದು ನೀರು ಮೇಲೇಳದ ಹದದಲ್ಲಿ, ಬಣ್ಣದ ಪದರ ಹಾಕಬೇಕು. ಹತ್ತಡಿ ಚೌಕದ ಕೋಣೆಗೆ 3 ಮಿ.ಮೀ. ದಪ್ಪಕ್ಕೆ ಸುಮಾರು 40 ಕೆಜಿ ಒಣ ಪುಡಿ ಬೇಕು: 32 ಕೆಜಿ ಸಿಮೆಂಟ್, 8 ಕೆಜಿ ಆಕ್ಸೈಡ್. ಇದೇ ಪ್ರಮಾಣದಲ್ಲಿ ಬೆರೆಸಿದ ಪುಡಿ ಐದು ಕೆಜಿ ಹೆಚ್ಚೇ ಇರಲಿ. ಬಣ್ಣ ಗಾಢವಾಗಲಿ ಎಂದು ಆಕ್ಸೈಡ್ ಏರಿಸಿದರೆ ನೆಲ ಕಾಲಿಗೆ ಕೆಂಪಾಗಿ ಅಂಟುತ್ತದೆ. ಇಡೀ ಕೋಣೆಯ ಪುಡಿಯನ್ನು ಒಂದೇ ಸಲ ಬೆರೆಸಿ ನಾಲ್ಕು ಸಲ ಜರಡಿ ಹಿಡಿಯಿರಿ. ಬುಟ್ಟಿ ಬುಟ್ಟಿಗೆ ಬೆರೆಸಿದರೆ ನೆಲದಲ್ಲಿ ತೇಪೆ ಕಾಣುತ್ತದೆ. ಕೋಣೆಯನ್ನು ಗಾಜಿನ ಪಟ್ಟಿಯಿಂದ ನಾಲ್ಕಡಿ ಚೌಕಗಳಾಗಿ ಒಡೆದರೆ ಬಿರುಕು ಪಟ್ಟಿಯಗುಂಟ ಹೋಗಿ ಕಣ್ಣಿಗೆ ಬೀಳುವುದಿಲ್ಲ. ಹೊಳಪು ಬರುವುದು ಉಕ್ಕಿನ ಕರಣೆಯ ಉಜ್ಜಿನಿಂದ, ಗಂಟೆಗಟ್ಟಲೆ ಮಂಡಿಯೂರಿ ಮಾಡುವ ಕೆಲಸ ಅದು. ನುರಿತ ಕೈಗೆ ಕೂಲಿ ಹೆಚ್ಚೇ ಕೊಡಿ. ನೀರು ಹೆಚ್ಚಾಗಿದೆಯೆಂದು ಮೇಲೆ ಒಣ ಸಿಮೆಂಟ್ ಉದುರಿಸಿದರೆ ಆ ಜಾಗ ಸಿಪ್ಪೆಯಂತೆ ಏಳುತ್ತದೆ.

ಮಾರನೆಯ ದಿನದಿಂದ ಏಳು ದಿನ ನೀರು ನಿಲ್ಲಿಸಿ, ಮೂರು ವಾರ ಒಣಗಲು ಬಿಟ್ಟು, ಬಟ್ಟೆಯಲ್ಲಿ ತೆಳ್ಳಗೆ ಕೊಬ್ಬರಿ ಎಣ್ಣೆ ಒರೆಸಿ. ಮೊದಲ ವರ್ಷ ತಿಂಗಳಿಗೊಮ್ಮೆ ಒರೆಸಿದರೆ ಬಣ್ಣ ಇಳಿದು ಕೂರುತ್ತದೆ. ಆಸಿಡ್ ಹಾಕಿ ತೊಳೆಯಲೇಬೇಡಿ. ನಿಂಬೆರಸ, ಹುಣಸೆನೀರು ಚೆಲ್ಲಿದರೆ ಆಗಲೇ ಒರೆಸಿ, ಕಾದರೆ ಬಿಳಿ ಕಲೆ ಉಳಿದುಬಿಡುತ್ತದೆ.