ಬೀದರ್ ರೈಲಿನಲ್ಲಿ ಬ್ರೆಜಿಲ್‌ನ ಸೋಯಾ

ಕಲಬುರಗಿಯಿಂದ ಬೀದರ್‌ಗೆ 2017ರಲ್ಲಿ ಆರಂಭವಾದ ರೈಲು ಮಾರ್ಗದಲ್ಲಿ ಎರೆಭೂಮಿಯ ತೊಗರಿ ಹೊಲಗಳು ಹಿಂದೆ ಸರಿದಂತೆ ಬೀದರ್ ಸೀಮೆಯ ಕೆಂಪು ನೆಲ ಕಾಣತೊಡಗುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲಿ ನಾನು ಹೊರಟಾಗ, ಅತಿವೃಷ್ಟಿಗೆ ಸಿಕ್ಕು ಉಳಿದ ಸೋಯಾದ ರಾಶಿ ಅಲ್ಲಲ್ಲಿ ನಡೆದಿತ್ತು. ಹುಮನಾಬಾದಿನಲ್ಲಿ ಹತ್ತಿದ ರೈತ ದಂಪತಿ ಎದುರಿಗೆ ಕುಳಿತರು. ನಾನು ರಾಜ್ಯಶಾಸ್ತ್ರ ಕಲಿಸುವವನೆಂದು ತಿಳಿದೊಡನೆ ಆ ಹಿರಿಯರು ಕೇಳಿದರು: “ಬ್ರೆಜಿಲ್‌ದಾಗ ಬೆಳಿ ಚಲೋ ಬಂದ್ರ ನಮ್ಮ ರೇಟ್ ಬೀಳ್ತದಂತಾರ, ಖರೇ ಏನ್ರಿ ಸರ?”

ಭಾರತ ಸೋಯಾ ಎಣ್ಣೆಯನ್ನು ಹೆಚ್ಚಾಗಿ ತರಿಸುವುದು ಅರ್ಜೆಂಟೀನಾ, ಬ್ರೆಜಿಲ್‌ಗಳಿಂದಲೇ ಆದ್ದರಿಂದ ಅವರ ಅನುಮಾನ ಸರಿಯಾಗಿತ್ತು. ಧಾರಣೆಯ ಏರಿಳಿತಕ್ಕೆ ಅಲ್ಲಿಯ ಸರ್ಕಾರಗಳೂ ಏಳುತ್ತವೆ, ಬೀಳುತ್ತವೆ ಎಂದೆ. ಬೀದರ್‌ವರೆಗೆ ಮಾತು ಅದರ ಮೇಲೆಯೇ ನಡೆಯಿತು.

ದಕ್ಷಿಣ ಅಮೆರಿಕದಲ್ಲಿ ಎಡಪಂಥೀಯ ನಾಯಕರು ಒಬ್ಬರ ಹಿಂದೊಬ್ಬರು ಅಧ್ಯಕ್ಷ ಚುನಾವಣೆ ಗೆದ್ದರು: 1998ರಲ್ಲಿ ವೆನೆಜುವೆಲಾದ ಚಾವೇಸ್, 2002ರಲ್ಲಿ ಬ್ರೆಜಿಲ್‌ನ ಲುಲಾ, 2005ರಲ್ಲಿ ಬೊಲಿವಿಯಾದ ಇವೊ ಮೊರಾಲೆಸ್. ಅದೇ ಕಾಲಕ್ಕೆ ಚೀನಾದ ಬೇಡಿಕೆಯಿಂದ ಸೋಯಾ, ತಾಮ್ರ, ತೈಲದ ಬೆಲೆ ಏರಿದ್ದರಿಂದ ಬೊಕ್ಕಸಕ್ಕೆ ಹಣ ಬಂತು. ಮಕ್ಕಳನ್ನು ಶಾಲೆಗೆ ಕಳಿಸಿ ಲಸಿಕೆ ಹಾಕಿಸುವ ಬಡ ಕುಟುಂಬಗಳಿಗೆ, ಹೆಚ್ಚಾಗಿ ತಾಯಿಯ ಹೆಸರಿನಲ್ಲಿಯೇ, ತಿಂಗಳ ಹಣ ಕೊಡುವ ‘ಬೋಲ್ಸಾ ಫಮೀಲಿಯಾ’ 2003ರಲ್ಲಿ ಬ್ರೆಜಿಲ್‌ನಲ್ಲಿ ಆರಂಭವಾಯಿತು. “ನಮ್ಮ ಗೃಹಲಕ್ಷ್ಮಿ ರೊಕ್ಕ ಇದ್ದಂಗ ಅನ್ರಿ,” ಎಂದರು ಆ ತಾಯಿ. ಹೋಲಿಕೆ ಸರಿಯೇ, ನಮ್ಮ 2,000 ರೂಪಾಯಿಗೆ ಶಾಲೆಯ ಷರತ್ತಿಲ್ಲ ಅಷ್ಟೆ.

2014ರ ನಂತರ ಬೆಲೆಗಳು ಕುಸಿದವು. 2015ರಲ್ಲಿ ಅರ್ಜೆಂಟೀನಾ ಬಲಕ್ಕೆ ವಾಲಿತು, ಮರುವರ್ಷ ಲುಲಾ ಪಕ್ಷದವರೇ ಆದ ಬ್ರೆಜಿಲ್‌ನ ಅಧ್ಯಕ್ಷೆ ದಿಲ್ಮಾ ರುಸೆಫ್ ಪದಚ್ಯುತರಾದರು. ಆಮೇಲೆ 2018ರಲ್ಲಿ ಮೆಕ್ಸಿಕೊ, 2021ರಲ್ಲಿ ಚಿಲಿ, 2022ರಲ್ಲಿ ಕೊಲಂಬಿಯಾ ಎಡಕ್ಕೆ ಹೊರಳಿದವು. ಅದೇ ವರ್ಷ ಲುಲಾ ಶೇ. 50.9 ಮತ ಪಡೆದು ಮರಳಿದರು. ಇಷ್ಟು ಕಡಿಮೆ ಅಂತರದ ಗೆಲುವನ್ನು ಸಿದ್ಧಾಂತದ ವಿಜಯವೆನ್ನಲು ನನಗೆ ಮನಸ್ಸಿಲ್ಲ. ಬಂದ ಹಣವನ್ನು ಬಡವರಿಗೆ ಹಂಚಿದ್ದು ಆ ಸರ್ಕಾರಗಳ ದೊಡ್ಡ ಸಾಧನೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಆದರೆ ನೆಲದಿಂದ ತೆಗೆದದ್ದನ್ನೇ ಹೊರದೇಶಕ್ಕೆ ಮಾರಿ ಬದುಕುವ ಆರ್ಥಿಕತೆಯನ್ನು ಅವು ಬದಲಿಸಲಿಲ್ಲ. ಬೊಲಿವಿಯಾದಲ್ಲಿ ಅನಿಲದ ಉತ್ಪಾದನೆ ಇಳಿದು ಡಾಲರಿಗೆ ಬರ ಬಂದ ಮೇಲೆ, ಸುಮಾರು ಎರಡು ದಶಕ ಆಳಿದ ಮೊರಾಲೆಸ್‌ರ ಪಕ್ಷ 2025ರಲ್ಲಿ ನೆಲಕಚ್ಚಿತು.

2022ರಲ್ಲಿ ಕೊಲಂಬಿಯಾದ ಅಧ್ಯಕ್ಷರಾದ ಎಡಪಂಥೀಯ ಪೆಟ್ರೊ ಹೊಸ ತೈಲ ಶೋಧನೆಗೆ ಪರವಾನಗಿ ಕೊಡುವುದಿಲ್ಲ ಎಂದದ್ದನ್ನು ಹೇಳಿದಾಗ ರೈತರು, “ಎಣ್ಣಿ ಬಿಟ್ರ ರೊಕ್ಕ ಎಲ್ಲಿಂದ ಬರ್ತದ್ರಿ?” ಎಂದರು. ಪೆಟ್ರೊ ಸರ್ಕಾರ ಅದೇ ವರ್ಷ ಶ್ರೀಮಂತರ ಮೇಲೂ ತೈಲ, ಕಲ್ಲಿದ್ದಲು ಕಂಪನಿಗಳ ಮೇಲೂ ತೆರಿಗೆ ಏರಿಸಿದ್ದನ್ನು ವಿವರಿಸಿದೆ. ಹಾಗೆ ಏರಿಸಿದ ತೆರಿಗೆಯ ಒಂದು ಪಾಲು ಮತ್ತೆ ಆ ಎಣ್ಣೆಯಿಂದಲೇ ಬರಬೇಕು ಎಂಬುದನ್ನೂ ಹೇಳಿದೆ.