ಆಸ್ಪತ್ರೆ ವಾರ್ಡಿನ ಕೋಲು ಬೇಡವಂತೆ

17 ನವೆಂಬರ್ 2024, ರವಿವಾರ
ನವನಗರ, ಬಾಗಲಕೋಟೆ

ಅವ್ವನಿಗೆ ಬಲ ಮೊಣಕಾಲು ನೋವು. ಡಾಕ್ಟರ್ ಹೇಳಿದ ಮೇಲೆ ಅಲ್ಯುಮಿನಿಯಂ ಕೋಲು ತಂದಿದ್ದೆವು. ಗುಂಡಿ ಒತ್ತಿ ಎತ್ತರ ಹೆಚ್ಚು ಕಡಿಮೆ ಮಾಡಬಹುದು, ಹಗುರ, ಗಟ್ಟಿ. ಆದ್ರೆ ಅದು ಬಾಗಿಲ ಹಿಂದಿನಿಂದ ಈಚೆಗೆ ಬರಲೇ ಇಲ್ಲ. "ಅದನ್ನ ಹಿಡಕೊಂಡು ಲಗ್ನಕ್ಕ ಬರ್ಲೇನು? ಆಪರೇಷನ್ ಯಾವಾಗ ಆತು ಅಂತ ಕೇಳ್ತಾರ ಮಂದಿ." ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಕೈಯಲ್ಲಿ ಮಾತ್ರ ವಾರ್ಡಿನ ಸಾಮಾನು. ಅವ್ವ ಹೇಳೋದು ಸರಿನೇ ಅಲ್ವಾ? ಬೆಳ್ಳಿ ಕಟ್ಟಿದ ಬೆತ್ತ ಹಿಡಿದು ಬರುತ್ತಿದ್ದ ಅಜ್ಜಂದಿರಿಗೆ ಯಾರೂ ಕಾಲಿನ ಸುದ್ದಿ ಕೇಳ್ತಿರಲಿಲ್ಲ.

ಕೊನೆಗೆ ಬಡಿಗೇರರ ಹತ್ತಿರ ಸಾಗವಾನಿಯಲ್ಲಿ ಮಾಡಿಸಿದೆವು. ಕಟ್ಟಿಗೆ ಕೋಲನ್ನು ಆಮೇಲೆ ಉದ್ದ ಮಾಡೋಕಾಗಲ್ಲ, ಹಾಗಾಗಿ ಅಳತೆಗೇ ಜಾಸ್ತಿ ಹೊತ್ತು ಹಿಡಿಯಿತು. ದಿನಾ ಮೆಟ್ಟುವ ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯಿಂದ ನೆಲದ ತನಕ. ಹಿಡಿದಾಗ ಮೊಣಕೈ ಸ್ವಲ್ಪ ಬಾಗಬೇಕು. ಹಿಡಿಕೆ ಛತ್ರಿಯಂತೆ ಕೊಕ್ಕೆ ಬೇಡ ಅಂದೆ, ಅಂಗೈ ಒತ್ತುತ್ತದೆ. ಅಡ್ಡ ಹಿಡಿಕೆಯ ಮೇಲೆ ಭಾರ ಅಂಗೈ ತುಂಬ ಹರಡುತ್ತದೆ. ಅದರ ಕೆಳಗೆ ನಾಲ್ಕು ಬೆರಳಗಲ ಖಣದ ಪಟ್ಟಿ ಸುತ್ತಿ ಅಂಟಿಸಿದೆ. ಹಿಡಿಕೆಗೂ ಸುತ್ತು ಅಂತ ಅವ್ವನ ಹಟ. ಬಟ್ಟೆ ಜಾರುತ್ತೆ ಅಂತ ಅಲ್ಲಿ ಬರೀ ಕಟ್ಟಿಗೆಯನ್ನೇ ಬಿಟ್ಟೆವು. ತುದಿಗೆ ರಬ್ಬರ್ ಬುಚ್ಚು. ನಮ್ಮ ಶಹಾಬಾದ್ ಕಲ್ಲಿನ ನೆಲ ಒದ್ದೆಯಾದರೆ ಅದೊಂದೇ ಆಧಾರ. ಸವೆದರೆ ತಕ್ಷಣ ಬದಲಿಸಬೇಕು.

ನೋವು ಬಲಗಾಲಿಗೆ, ಹಾಗಾಗಿ ಹಿಡಿಯೋದು ಎಡಗೈಯಲ್ಲಿ. ನೋಯುವ ಕಾಲು, ಕೋಲು ಒಟ್ಟಿಗೆ ಮುಂದೆ. ಇದನ್ನು ರೂಢಿ ಮಾಡಿಸೋದು ಕೋಲು ಮಾಡಿಸಿದ್ದಕ್ಕಿಂತ ಕಷ್ಟ.

ಕೋಲು ಸಾಲದವರಿಗೆ ಬ್ರೇಕು, ಕೂರೋಕೆ ಸೀಟು ಇರುವ ನಾಲ್ಕು ಗಾಲಿಯ ವಾಕರ್ ಇದೆಯಲ್ಲ, ಅದನ್ನು 1978ರಲ್ಲಿ ರೂಪಿಸಿದವರು ಸ್ವೀಡನ್ನಿನ ಐನಾ ವಿಫಾಲ್ಕ್. ಅವರಿಗೇ ಪೋಲಿಯೊ ಆಗಿತ್ತು. ದಣಿದಾಗ ಕೂರೋಕೆ ಜಾಗ ಬೇಕು ಅಂತ ತಿಳಿದಿದ್ದು ಸುಮ್ನೆ ಅಲ್ಲ. ಆದರೆ ಹಳೇ ಊರಿನ ಓಣಿಗಳಲ್ಲಿ ಸಣ್ಣ ಗಾಲಿ ಪ್ರತಿ ಕುಣಿಗೂ ಸಿಕ್ಕಿಕೊಳ್ಳುತ್ತದೆ. ಇಲ್ಲಿಗೆ ದೊಡ್ಡ ಗಾಲಿಯದ್ದೇ ಬೇಕು.

ಇವತ್ತು ಲಗ್ನದಲ್ಲಿ ಕಾಲಿನ ವಿಚಾರ ಯಾರೂ ಎತ್ತಲಿಲ್ಲ. ಖಣ ಎಲ್ಲಿ ತಂದ್ರಿ ಅಂತ ಕೇಳಿದವರೇ ಹೆಚ್ಚು. ಅತ್ತೆಗೂ ಒಂದು ಬೇಕಂತೆ, ಹಸಿರು ಪಟ್ಟಿಯದು. ಬಡಿಗೇರರು ಆಗಲೇ ರೇಟು ಏರಿಸಿದ್ದಾರೆ.